ಇಳಿತದ ಲೆಕ್ಕ

ಕುಮಟೆಯ ಕಾಲೇಜಿನಲ್ಲಿ ಮೂವತ್ತೊಂದು ವರ್ಷ
ಕರಿಹಲಗೆಯ ಮೇಲೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ ಎಳೆದು
ನಾನು ಹೇಳಿದ್ದು ಇಷ್ಟೇ:
ಇದು ಏರಿದರೆ ಅದೂ ಏರುತ್ತದೋ, ನೋಡಿ.
ಇದು ಏರಿದರೆ ಅದು ಇಳಿಯುತ್ತದೋ, ನೋಡಿ.
ಎರಡೂ ಅಲ್ಲವೋ,
ಸೊನ್ನೆ ಬರೆದು ಮುಂದಿನ ಲೆಕ್ಕಕ್ಕೆ ಹೋಗಿ.

ನಿವೃತ್ತಿಯ ಮೇಲೆ ಹೊತ್ತು ಹೋಗದೆ
ಅಘನಾಶಿನಿ ಉಪ್ಪಾಗುವಲ್ಲಿ, ತದಡಿಯ ಈಚೆ,
ಕೊಡೆ ಬಿಚ್ಚಿ, ವಹಿ ಬಿಚ್ಚಿ, ಗಜನಿ ಕಟ್ಟೆಯ ಕಲ್ಲಿನ ಮೇಲೆ ಕೂತೆ.
ಅಮಾಸೆಯಿಂದ ಹುಣ್ಣಿಮೆತನಕ ದಿನವೂ
ಬೀರಮ್ಮ ತೆಗೆವ ಬೆಳಚು ಎಣಿಸಿದೆ.

ಸೊಂಟಮಟ್ಟ ನೀರು. ಕಾಲಬೆರಳಿಂದಲೇ
ಕೆಸರೊಳಗಿನ ಚಿಪ್ಪು ಗುರುತು ಹಿಡಿದು
ಬಗ್ಗುತ್ತಾಳೆ, ಏಳುತ್ತಾಳೆ, ಬಗ್ಗುತ್ತಾಳೆ.
ನಡುವಿಗೆ ಕಟ್ಟಿದ ಹಗ್ಗದ ತುದಿಗೆ
ಅಲ್ಯೂಮಿನಿಯಂ ಡಬರಿ
ನಾಯಿಮರಿಯಂತೆ ತೇಲುತ್ತ ಹಿಂದೆ ಬರುತ್ತದೆ.

ಮೊದಲ ಲೆಕ್ಕ: ಅವಳ ಬೆರಳಿನ ಗಾಯ, ಮತ್ತು ಡಬರಿ.
ಗಾಯ ಹೆಚ್ಚಿದ ದಿನ ಬೆಳಚೂ ಹೆಚ್ಚು.
ಗುಣಾಂಕ, ಒಂದು ರೂಪಾಯಿಗೆ ಒಂಬತ್ತು ಪೈಸೆ ಕಮ್ಮಿ.
ಹೆಮ್ಮೆಯಿಂದ ಓದಿ ಹೇಳಿದೆ.
"ಹಂಗಾರೆ ಮನೇಲೇ ಕೂತು ಕತ್ತಿಲಿ ಕೊಯ್ಕಂಡ್ರೆ
ಬೆಳಚು ಒಲೆ ಬುಡಕ್ಕೇ ಬತ್ತದಾ, ಮಾಸ್ತರೇ?"

ಇಲ್ಲ ಬೀರಮ್ಮ. ಅಷ್ಟು ನನಗೂ ಗೊತ್ತು.
ದಕ್ಕೆಯಲ್ಲಿ ಕಟ್ಟಿದ ಎರಡು ದೋಣಿ
ಒಟ್ಟಿಗೇ ಏಳುತ್ತವೆ, ಒಟ್ಟಿಗೇ ಇಳಿಯುತ್ತವೆ;
ಒಂದನ್ನು ಇನ್ನೊಂದು ಎತ್ತಿದ್ದಲ್ಲ.
ಕೆಳಗೆ ನೀರಿದೆ.

ಎರಡನೆಯದು: ತಿಥಿ, ಮತ್ತು ಡಬರಿ.
ಅಮಾಸೆಗೆ ಏಳು. ಬಿದಿಗೆಗೂ ಹೆಚ್ಚುಕಮ್ಮಿ ಅಷ್ಟೇ.
ಪಂಚಮಿಗೆ ಮೂರು.
ಅಷ್ಟಮಿಯ ನೀರಿಗೆ ಹೋಗುವ ಮನಸ್ಸೂ ಇಲ್ಲ, ಬರುವ ಮನಸ್ಸೂ ಇಲ್ಲ;
ಅರ್ಧ ಡಬರಿ, ಅದರಲ್ಲೂ ಕಾಲುಭಾಗ ಬರಿ ಚಿಪ್ಪು.
ದಶಮಿಗೆ ಎರಡು, ತ್ರಯೋದಶಿಗೆ ಐದು,
ಹುಣ್ಣಿಮೆಗೆ ಮತ್ತೆ ಏಳು.

ರಾತ್ರಿ ಗುಣಿಸಿದೆ, ಕೂಡಿದೆ, ವರ್ಗಮೂಲ ತೆಗೆದೆ.
ಸೊನ್ನೆ.
ಮತ್ತೊಮ್ಮೆ ತೆಗೆದೆ. ಸೊನ್ನೆ ಬಿಂದು ಸೊನ್ನೆ ಎರಡು.
ಸೂತ್ರದ ಪ್ರಕಾರ
ಚಂದ್ರನಿಗೂ ಬೆಳಚಿಗೂ ಮಾತುಕತೆಯಿಲ್ಲ.

ಮರುದಿನ ಹೇಳಿದೆ. ನಕ್ಕಳು; ಆಚೆ ಕಾಂಡ್ಲ ಗಿಡದ ಬುಡದಲ್ಲಿದ್ದ
ಇನ್ನಿಬ್ಬರನ್ನೂ ಕೂಗಿ ಕರೆದು ನಗಿಸಿದಳು.
"ಸಂಬಂಧ ಇಲ್ವಾ? ಚಂದ್ರನ್ನ ನೋಡ್ಕಂಡೇ ನಾವು ನೀರಿಗಿಳಿಯೂದು.
ಅಷ್ಟಮಿ ದಿವ್ಸ ನಾ ಬರೂದೇ ಇಲ್ಲಾಗಿತ್ತು.
ಪಾಪ, ನೀವು ಕೂತಿರ್ತ್ರಿ ಅಂತ ಬಂದೆ."

ಆಮೇಲೆ, ಮೊದಲು ಮಾಡಬೇಕಾದ್ದನ್ನು ಮಾಡಿದೆ:
ಚುಕ್ಕಿ ಇಟ್ಟೆ, ಹದಿನಾರು.
ಅವು ಒಂದಕ್ಕೊಂದು ಕೈಕೊಟ್ಟು ಇಳಿದು, ತಳ ಮುಟ್ಟಿ, ಏರಿ,
ವಹಿಯ ಮೇಲೆ ಒಂದು ಪಾತಿದೋಣಿ.
ನಾನೆಳೆದ ನೇರಗೆರೆ, ಅದರ ನಡುವೆ,
ಅಲುಗದ ನೀರು.
ದೋಣಿ ಕಾಣದೆ ನೀರನ್ನಷ್ಟೇ ಅಳೆದು
ಖಾಲಿ ಎಂದಿದ್ದೆ.

ಶೇವಂತಿ ನೆನಪಾದಳು. ಇವಳ ಮಗಳು, ಮೂರನೆಯ ಬೆಂಚು,
ಈಗ ತದಡಿಯ ಮೀನುಗಾರರ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಾಳೆ.
ತೊಂಬತ್ತೆಂಟರ ಪರೀಕ್ಷೆಯಲ್ಲಿ ಬರೆದಿದ್ದಳು:
ಗುಣಾಂಕ ಸೊನ್ನೆ. ಆದರೆ ಸಂಬಂಧ ಇದೆ ಸರ್,
ಬಗ್ಗಿಕೊಂಡು ಇದೆ.
ಎರಡನೆಯ ವಾಕ್ಯಕ್ಕೆ ಕೆಂಪು ಗೆರೆ ಹೊಡೆದು
ಎರಡು ಅಂಕ ಕಳೆದಿದ್ದೆ.
ಆ ಕಾಗದ ರದ್ದಿಗೆ ಹೋಗಿ, ಗಿಬ್ ಸರ್ಕಲ್ಲಿನ ಯಾವ ಗಾಡಿಯಲ್ಲಿ
ಶೇಂಗಾ ಪೊಟ್ಟಣವಾಯಿತೋ.

ಕಲ್ಲಿಗೆ ನೀರು ಮುಟ್ಟಿತು. "ಭರತ ಬಂತು, ಏಳಿ,"
ಹಗ್ಗ ಬಿಚ್ಚಿ ಡಬರಿ ತಲೆಗೇರಿಸಿದಳು.
ನಾಳೆ ಎಷ್ಟಾದೀತು, ಕೇಳಿದೆ.
ಮೇಲೆ ನೋಡಲಿಲ್ಲ. ವಹಿಯನ್ನಂತೂ ನೋಡಲೇ ಇಲ್ಲ.
"ಬಿದಿಗೆ ಅಲ್ದಾ. ಏಳಕ್ಕೆ ಮೋಸ ಇಲ್ಲ."

ತೂಗುವ ಮೊದಲೇ
ಏಳು ಎಂದು ಬರೆದುಕೊಂಡೆ.